ಅಂಧರಿಗೆ ‘ಜಾಣ ಕನ್ನಡಕ’: ಏನು ಮಾಡಬಲ್ಲದು, ಏನು ಮಾಡಲಾರದು?

ಕಣ್ಣೇ ಕಾಣಿಸದವರಿಗೆ ಕನ್ನಡಕ ಯಾಕೆ ಎಂದು ಯಾರಾದರೂ ಕೇಳಬಹುದು. ‘ಸ್ಮಾರ್ಟ್ ಗ್ಲಾಸ್’ ಎಂದು ಕರೆಯುವ ಈ ಜಾಣ ಕನ್ನಡಕದಲ್ಲಿ ಗಾಜಿಗಿಂತ ಕ್ಯಾಮೆರಾ ಮುಖ್ಯ. ಇದು ಹೋದ ದೃಷ್ಟಿಯನ್ನು ಮರಳಿ ಕೊಡುವುದಿಲ್ಲ. ಸುತ್ತಮುತ್ತ ಏನಿದೆ ಎಂಬುದನ್ನು ಬೇರೆ ದಾರಿಯಲ್ಲಿ ತಿಳಿಸುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಮೊದಲನೆಯದು, ಉಳಿದಿರುವ ಅಲ್ಪ ದೃಷ್ಟಿಯನ್ನು ಬಳಸಿಕೊಳ್ಳುವುದು. ಅಂಧರೆಂದು ದಾಖಲಾದವರೆಲ್ಲ ಪೂರ್ತಿ ಕತ್ತಲಲ್ಲಿ ಇರುವುದಿಲ್ಲ. ಅನೇಕರಿಗೆ ಬೆಳಕು, ನೆರಳು ತಿಳಿಯುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಕ್ಸ್ ಅವರ ತಂಡ ಇಂಥವರಿಗಾಗಿಯೇ ಒಂದು ಕನ್ನಡಕ ರೂಪಿಸಿತು. ಅದರ ಕ್ಯಾಮೆರಾ ಎದುರಿನ ವಸ್ತುಗಳು ಎಷ್ಟು ದೂರದಲ್ಲಿವೆ ಎಂದು ಅಳೆಯುತ್ತದೆ. ಹತ್ತಿರದ್ದು ಬೆಳ್ಳಗೆ, ದೂರದ್ದು ಕಪ್ಪಗೆ ಒಳಗಿನ ಪುಟ್ಟ ಪರದೆಯಲ್ಲಿ ಮೂಡುತ್ತದೆ. ಮುಖದ ಗುರುತು ಸಿಗದಿದ್ದರೂ ಎದುರಿಗೆ ಯಾರೋ ನಿಂತಿದ್ದಾರೆ, ಪಕ್ಕದಲ್ಲಿ ಕುರ್ಚಿ ಇದೆ ಎಂಬುದು ತಿಳಿಯುತ್ತದೆ. ಈ ಕೆಲಸಕ್ಕೆ 2013ರಲ್ಲಿ ರಾಯಲ್ ಸೊಸೈಟಿಯ ಬ್ರಯಾನ್ ಮರ್ಸರ್ ಪ್ರಶಸ್ತಿ ಸಂದಿತು.

ಎರಡನೆಯದು, ಕಂಡದ್ದನ್ನು ಮಾತಿನಲ್ಲಿ ಹೇಳುವುದು. ಸ್ವಲ್ಪವೂ ಕಾಣದವರಿಗೂ ಇದು ಉಪಯುಕ್ತ. ಕ್ಯಾಮೆರಾ ತೆಗೆದ ಚಿತ್ರದಲ್ಲಿ ಅಕ್ಷರ, ಮುಖ, ವಸ್ತುಗಳನ್ನು ತಂತ್ರಾಂಶವು ಗುರುತಿಸಿ ಕಿವಿಯ ಬಳಿ ಹೇಳುತ್ತದೆ. ಕಾರುಗಳ ಅಪಘಾತ ತಪ್ಪಿಸುವ ಕ್ಯಾಮೆರಾಗಳ ‘ಮೊಬಿಲ್‌ಐ’ ಕಂಪನಿ ಕಟ್ಟಿದವರೇ 2010ರಲ್ಲಿ ಇಸ್ರೇಲಿನಲ್ಲಿ ‘ಆರ್‌ಕ್ಯಾಮ್’ ಸ್ಥಾಪಿಸಿದರು. ಅವರ ಪುಟ್ಟ ಸಾಧನವನ್ನು ಮಾಮೂಲಿ ಕನ್ನಡಕಕ್ಕೇ ಸಿಕ್ಕಿಸಿ, ಪುಟದ ಮೇಲೆ ಬೆರಳಿಟ್ಟು ತೋರಿಸಿದರೆ ಅದು ಓದಿ ಹೇಳುತ್ತಿತ್ತು. ನಮ್ಮ ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್ ಕೂಡ ಇಂಥ ಕನ್ನಡಕ ತಯಾರಿಸಿದೆ.

ಗಡಿನಾಡಿನವರಿಗೆ ಇಲ್ಲೊಂದು ವಿಶೇಷ ಪ್ರಶ್ನೆ ಇದೆ. ಮನೆಮಾತು ಕನ್ನಡ, ಬಸ್ಸಿನ ಬೋರ್ಡು ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗು, ಔಷಧದ ಡಬ್ಬಿಯ ಮೇಲೆ ಇಂಗ್ಲಿಷ್. ಒಂದೇ ಲಿಪಿ ಓದುವ ಕನ್ನಡಕ ನಮ್ಮನ್ನು ಅರ್ಧ ದಾರಿಯಲ್ಲಿ ಕೈಬಿಟ್ಟಂತೆ. ಆದ್ದರಿಂದ ಕೊಳ್ಳುವ ಮುನ್ನ ಕೇಳಬೇಕಾದದ್ದು: ಯಾವ ಯಾವ ಲಿಪಿ ಓದುತ್ತದೆ? ಯಾವ ಭಾಷೆಯಲ್ಲಿ ಹೇಳುತ್ತದೆ? ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆಯೇ? ಕೆಟ್ಟರೆ ರಿಪೇರಿ ಎಲ್ಲಿ? ಕೊನೆಯ ಪ್ರಶ್ನೆ ಸಣ್ಣದಲ್ಲ. ನೆದರ್‌ಲೆಂಡ್ಸ್‌ನ ‘ಎನ್‌ವಿಷನ್’ ತನ್ನ ಕನ್ನಡಕಕ್ಕೆ ಆಧಾರವಾಗಿ ಬಳಸಿದ್ದ ಗೂಗಲ್ ಗ್ಲಾಸ್‌ನ ಮಾರಾಟವನ್ನು ಗೂಗಲ್ 2023ರಲ್ಲಿ ನಿಲ್ಲಿಸಿಬಿಟ್ಟಿತು.

ಎಷ್ಟೇ ಜಾಣ ಕನ್ನಡಕವಾದರೂ ಬಿಳಿ ಕೋಲನ್ನು ಮನೆಯಲ್ಲಿ ಬಿಡುವಂತಿಲ್ಲ. ಕ್ಯಾಮೆರಾ ತಪ್ಪು ಹೇಳಬಹುದು, ತಡವಾಗಿ ಹೇಳಬಹುದು, ಬ್ಯಾಟರಿ ಮುಗಿಯಬಹುದು. ಕಾಲ ಬಳಿಯ ಗುಂಡಿ ಕೋಲಿಗೆ ತಕ್ಷಣ ತಿಳಿಯುತ್ತದೆ.

ಇದೆಲ್ಲಕ್ಕಿಂತ ಮೊದಲು ಕಣ್ಣಿನ ಡಾಕ್ಟರ ಬಳಿ ಹೋಗಬೇಕು. 2015-19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 50 ವರ್ಷ ದಾಟಿದವರ ಅಂಧತ್ವದಲ್ಲಿ ಶೇ. 66ರಷ್ಟಕ್ಕೆ ಕಾರಣ ಕಣ್ಣಿನ ಪೊರೆ. ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ‘ವಯಸ್ಸಾಯಿತು, ಇನ್ನೇನು’ ಎಂದು ಮೂಲೆಯಲ್ಲಿ ಕೂತ ಅಜ್ಜಿಗೆ ಬೇಕಾದದ್ದು ಜಾಣ ಕನ್ನಡಕ ಅಲ್ಲದೆಯೂ ಇರಬಹುದು.