ಅಜ್ಜಿಯ ಪಾದದಿಂದ ಪಾಯಿಖಾನೆಗೆ

ಉಮ್ಮತ್ತೂರು ಎಂದೊಡನೆ ಇತಿಹಾಸ ಓದಿದವರಿಗೆ ನೆನಪಾಗುವುದು ಕೃಷ್ಣದೇವರಾಯನ ದಂಡಯಾತ್ರೆ. 1509ರಲ್ಲಿ ವಿಜಯನಗರದ ಸಿಂಹಾಸನವೇರಿದ ರಾಯನು ಮೊದಮೊದಲು ಕೈಗೊಂಡ ಯುದ್ಧಗಳಲ್ಲಿ ಉಮ್ಮತ್ತೂರಿನ ಗಂಗರಾಜನ ಮೇಲಿನ ಯುದ್ಧವೂ ಒಂದು. ಕೋಟೆ ಕಟ್ಟಿದವರು, ಕೆಡವಿದವರು, ಕಪ್ಪ ಕೊಟ್ಟವರು ಎಲ್ಲರೂ ಚರಿತ್ರೆಯ ಪುಟ ಸೇರಿದರು. ಆದರೆ ಆ ಕೋಟೆಯೊಳಗೂ ಹೊರಗೂ ದಿನಬೆಳಗಾದರೆ ನಡೆಯುತ್ತಿದ್ದ ಒಂದು ಕಲಿಕೆಯನ್ನು ಯಾವ ಶಾಸನವೂ ಬರೆದಿಡಲಿಲ್ಲ. ಅದು ಕೂಸಿಗೆ ಮಲಮೂತ್ರದ ಶಿಸ್ತು ಕಲಿಸುವ ವಿದ್ಯೆ. ಹೇಳಲು ಮುಜುಗರವೆನಿಸುವ ವಿಷಯವೇ ಸರಿ. ಆದರೂ ಮನುಷ್ಯ ಸಮಾಜಕ್ಕೆ ಕಾಲಿಡುವಾಗ ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು.

ಉಮ್ಮತ್ತೂರು, ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಹಳೆಯ ತಲೆಮಾರಿನ ಹೆಂಗಸರು ಈ ಪಾಠಕ್ಕೆ ಯಾವ ಸಲಕರಣೆಯನ್ನೂ ಬೇಡುತ್ತಿರಲಿಲ್ಲ. ಕೂಸಿನ ಕತ್ತು ನಿಂತರೆ ಸಾಕು. ಅಜ್ಜಿಯೋ ತಾಯಿಯೋ ನೆಲದ ಮೇಲೆ ಕುಳಿತು, ಕಾಲು ಚಾಚಿ, ಎರಡು ಪಾದಗಳ ನಡುವೆ ಸ್ವಲ್ಪ ಜಾಗ ಬಿಟ್ಟು ಕೂಸನ್ನು ಪಾದಗಳ ಮೇಲೆ ಕೂರಿಸುತ್ತಾರೆ. ಕೈ ಹಿಡಿದು ಆಸರೆ ಕೊಟ್ಟು ‘ಸ್‌ಸ್‌ಸ್’ ಎಂದು ಸದ್ದು ಮಾಡುತ್ತಾರೆ. ನಿದ್ದೆಯಿಂದ ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಒಮ್ಮೆ, ನೀರು ಹುಯ್ಯುವ ಮುನ್ನ ಇನ್ನೊಮ್ಮೆ. ಉಳಿದ ಹೊತ್ತಿನಲ್ಲಿ ಹಳೆಯ ಸೀರೆಯ ಚೂರನ್ನು ಉಡಿದಾರಕ್ಕೆ ಸಿಕ್ಕಿಸಿದ ಲಂಗೋಟಿ, ಇಲ್ಲವೇ ಅದೂ ಇಲ್ಲ.

ಮಾತಿನ ಸ್ವಾರಸ್ಯವೊಂದನ್ನು ಇಲ್ಲಿ ಗಮನಿಸಬೇಕು. ದೊಡ್ಡವರ ಶೌಚಕ್ಕೆ ನಮ್ಮ ಹಳ್ಳಿಗಳಲ್ಲಿ ಇದ್ದದ್ದು ‘ಬಯಲಿಗೆ ಹೋಗುವುದು’, ‘ಕೆರೆ ಕಡೆ ಹೋಗುವುದು’ ಎಂಬ ಮಾತುಗಳು. ಅದಕ್ಕೊಂದು ಕಟ್ಟಡವೇ ಇರಲಿಲ್ಲವಾದ್ದರಿಂದ ಕಟ್ಟಡದ ಹೆಸರೂ ಹೊರಗಿನಿಂದ ಬರಬೇಕಾಯಿತು. ‘ಕಕ್ಕಸು’ ಡಚ್ಚರ ನುಡಿಯಿಂದ ಬಂದುದೆಂದು ಹೇಳುತ್ತಾರೆ. ‘ಪಾಯಿಖಾನೆ’ ಪಾರಸಿಯದು. ಆ ಭಾಷೆಯಲ್ಲಿ ‘ಪಾಯ್’ ಎಂದರೆ ಪಾದ, ‘ಖಾನಾ’ ಎಂದರೆ ಮನೆ. ದೊಡ್ಡವರ ಪಾಯಿಖಾನೆ ಪರದೇಶದಿಂದ ಬಂತು; ಕೂಸಿನ ಪಾಯಿಖಾನೆ ಮಾತ್ರ ಅಕ್ಷರಶಃ ಅಜ್ಜಿಯ ಪಾದವೇ ಆಗಿತ್ತು.

ಈ ಕ್ರಮದ ಹಿಂದೆ ಏನಿದೆ? ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ಧರ್ಮ. ಎಳೆಯ ಕೂಸಿನಲ್ಲಿ ಇದು ಇನ್ನೂ ಪ್ರಬಲ. ಹಾಲುಣಿಸಿದ ಮೇಲೆ ಕೂರಿಸುವುದರ ಮರ್ಮ ಇಷ್ಟೇ. ಮಂಡಿ ಮಡಚಿ ಕುಳಿತ ಭಂಗಿಯಲ್ಲಿ ಮಲದ ದಾರಿ ನೆಟ್ಟಗಾಗಿ ಮುಕ್ಕುವ ಶ್ರಮ ಕಡಿಮೆಯಾಗುತ್ತದೆ. ಇನ್ನು ‘ಸ್‌ಸ್’ ಎಂಬ ಸದ್ದು. ಗಂಟೆಯ ದನಿ ಕೇಳಿ ಜೊಲ್ಲು ಸುರಿಸಿದ ಪಾವ್ಲೋವನ ನಾಯಿಯ ಕತೆ ಶಾಲೆಯಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿಸಲವೂ ಅದೇ ಸದ್ದು, ಅದೇ ಭಂಗಿ ಜೊತೆಯಾದರೆ, ಸದ್ದು ಕೇಳಿದೊಡನೆ ದೇಹ ಸಡಿಲಗೊಳ್ಳುವುದನ್ನು ಕಲಿಯುತ್ತದೆ.

ಇದು ನಮ್ಮ ಸೀಮೆಗಷ್ಟೇ ಸೀಮಿತವಲ್ಲ. ಪೂರ್ವ ಆಫ್ರಿಕದ ಡಿಗೋ ಜನರಲ್ಲಿ ತಾಯಿ ಕಾಲು ಚಾಚಿ ಕುಳಿತು ಕೂಸನ್ನು ಕೂರಿಸಿ ಸದ್ದು ಮಾಡುವ ಪದ್ಧತಿಯನ್ನು ಡಿವ್ರೀಸ್ ದಂಪತಿ 1977ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ವರ್ಣಿಸಿದರು. ಅಲ್ಲಿನ ಕೂಸುಗಳು ಐದಾರು ತಿಂಗಳಿಗೇ ಬಟ್ಟೆ ಒದ್ದೆ ಮಾಡದಷ್ಟು ಪಳಗುತ್ತಿದ್ದವೆಂಬ ಮಾತು ಪಶ್ಚಿಮದ ವೈದ್ಯರಿಗೆ ಅಚ್ಚರಿಯಾಗಿ ಕಂಡಿತು. ವಿಯೆಟ್ನಾಮಿನ ತಾಯಂದಿರು ಸಿಳ್ಳು ಹಾಕಿ ಇದೇ ಕೆಲಸ ಮಾಡುತ್ತಾರೆ.

ಪಶ್ಚಿಮದ ದಾರಿ ಬೇರೆಯದಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಗಡಿಯಾರ ನೋಡಿ ಕೂಸನ್ನು ಕೂರಿಸುವ ಕಟ್ಟುನಿಟ್ಟು ಬೋಧನೆಯಾಗುತ್ತಿತ್ತು. ಅದರಿಂದ ಮಕ್ಕಳಲ್ಲಿ ಹಟ, ಅಂಜಿಕೆ, ಮಲಬದ್ಧತೆ ಹುಟ್ಟುವುದನ್ನು ಕಂಡ ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್, 1962ರಲ್ಲಿ, ಮಗು ಸಿದ್ಧವಾಗುವವರೆಗೆ ಕಾಯಿರಿ ಎಂದು ಬರೆದರು. ಅವರು ಗಮನಿಸಿದ ಮಕ್ಕಳು ಹಗಲಿನ ಹಿಡಿತ ಕಲಿತದ್ದು ಸರಾಸರಿ ಇಪ್ಪತ್ತೆಂಟೂವರೆ ತಿಂಗಳಿಗೆ. ಅದಕ್ಕೆ ಹಿಂದಿನ ವರ್ಷವಷ್ಟೇ, 1961ರಲ್ಲಿ, ‘ಪ್ಯಾಂಪರ್ಸ್’ ಎಂಬ ಬಳಸಿ ಬಿಸಾಡುವ ಡೈಪರ್ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಕಾಯಲು ವೈದ್ಯರ ಅನುಮತಿಯೂ ಸಿಕ್ಕಿತು, ಕಾಯಲು ಬೇಕಾದ ಸಾಧನವೂ ಸಿಕ್ಕಿತು.

ಹಾಗಾದರೆ ಯಾರು ಸರಿ? ಇಬ್ಬರ ಮಾತೂ ಅರ್ಧರ್ಧ ನಿಜ. ಐದಾರು ತಿಂಗಳ ಕೂಸು ಪಾದದ ಮೇಲೆ ಕಕ್ಕ ಮಾಡಿದಾಗ ಕಲಿತಿರುವುದು ಬಹುಪಾಲು ಕೂಸಲ್ಲ, ತಾಯಿ. ಕೂಸು ಮುಖ ಕೆಂಪಗೆ ಮಾಡಿದ್ದು, ಆಟ ನಿಲ್ಲಿಸಿದ್ದು, ಮೈ ನಡುಗಿಸಿದ್ದು ಅವಳಿಗೆ ಅರ್ಥವಾಗುತ್ತದೆ. ತಡೆದುಕೊಳ್ಳುವುದು, ಹೇಳುವುದು, ಚಡ್ಡಿ ಜಾರಿಸಿ ತಾನೇ ಹೋಗಿ ಕೂರುವುದು ಇವೆಲ್ಲ ಸಾಮಾನ್ಯವಾಗಿ ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ ಬರುವ ಸಾಮರ್ಥ್ಯಗಳು. ರಾತ್ರಿಯ ಹಿಡಿತ ಇನ್ನೂ ತಡ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಅದು ರೋಗವಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಆದರೆ ಅಜ್ಜಿಯ ಕ್ರಮದಿಂದ ಒಂದು ಲಾಭವಿದೆ: ಒದ್ದೆ ಎಂದರೇನು, ಕೂರುವುದೆಂದರೇನು ಎಂಬುದು ಕೂಸಿಗೆ ಮೊದಲೇ ಪರಿಚಯವಾಗಿರುತ್ತದೆ. ಸದಾ ಡೈಪರಿನಲ್ಲಿರುವ ಮಗುವಿಗೆ ಒದ್ದೆಯ ಅರಿವೇ ಆಗುವುದಿಲ್ಲ. ನೀರು ಹೀರಿಕೊಳ್ಳುವ ಅದರ ಒಳಪದರದ ಉದ್ದೇಶವೇ ಅದು.

ಇಷ್ಟು ಹೇಳಿ ಅಜ್ಜಿಗೆ ಕೈಮುಗಿದು ಸುಮ್ಮನಾಗಬಹುದಿತ್ತು. ಆದರೆ ಹಳೆಯ ಕ್ರಮದ ಕೊನೆಯ ಹೆಜ್ಜೆಯನ್ನು ನೋಡದಿದ್ದರೆ ಮಾತು ಅಪೂರ್ಣ. ಕಕ್ಕ ಎಲ್ಲಿಗೆ ಹೋಗುತ್ತಿತ್ತು? ಮೇಲೆ ಬೂದಿ ಎರಚಿ, ತಗಡಿನ ಚೂರಿನಿಂದ ಬಳಿದು ತಿಪ್ಪೆಗೆ. ಇಲ್ಲವೇ ಮನೆ ಮುಂದಿನ ಮೋರಿಗೆ. ಸ್ವಲ್ಪ ನಡೆಯಲು ಬಂದ ಮಗುವನ್ನು ಬೀದಿ ಅಂಚಿನಲ್ಲೇ ಕೂರಿಸುವುದೂ ಇತ್ತು. ‘ಕೂಸಿನ ಹೇಲು ಹೊಲಸಲ್ಲ’ ಎಂಬ ನಂಬಿಕೆ ಇದರ ಬೆನ್ನಿಗಿತ್ತು. ಅದು ಪ್ರೀತಿಯ ಮಾತೇ ಹೊರತು ಸತ್ಯವಲ್ಲ. ಮಕ್ಕಳಿಗೆ ಭೇದಿ ಹೆಚ್ಚು, ಜಂತುಹುಳು ಹೆಚ್ಚು; ಆದ್ದರಿಂದ ಅವರ ಮಲದಲ್ಲಿ ರೋಗಾಣುಗಳೂ ಹೆಚ್ಚು. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ತೂರಿಕೊಂಡು ಒಳಸೇರಿ ರಕ್ತ ಹೀರುತ್ತದೆ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಹೊಲದಲ್ಲಿ ಬರಿಗಾಲಿನಲ್ಲಿ ನಡೆಯುವವರು ನಾವೇ. ಕೂಸು ಆಡುವ ಅಂಗಳಕ್ಕೂ ಕೂಸಿನ ಮಲಕ್ಕೂ ನಡುವೆ ಅಂತರವೇ ಇಲ್ಲದಿದ್ದರೆ ಎಷ್ಟು ಉಣಿಸಿದರೂ ಅದು ಮೈಗೆ ಹತ್ತುವುದಿಲ್ಲ.

2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನದ ನಂತರ ಹಳ್ಳಿಗಳಲ್ಲಿ ಶೌಚಾಲಯಗಳು ಎದ್ದವು. ಆದರೆ ಅವನ್ನು ಕಟ್ಟಿದ್ದು ದೊಡ್ಡವರ ಅಳತೆಗೆ. ಎರಡು ವರ್ಷದ ಮಗುವಿನ ಕಾಲು ಆ ಎರಡು ಪಾದಗಲ್ಲುಗಳನ್ನು ಮುಟ್ಟುವುದಿಲ್ಲ. ಕತ್ತಲೆ, ಗುಂಡಿ, ಸದ್ದು ಎಲ್ಲಕ್ಕೂ ಅದು ಹೆದರುತ್ತದೆ. ಹೀಗಾಗಿ ಶೌಚಾಲಯವಿರುವ ಮನೆಯಲ್ಲೂ ಮಗುವಿನ ಮಲ ಹೊರಗೇ ಉಳಿಯುವುದುಂಟು. ಈಗ ಹಳ್ಳಿಯ ಅಂಗಡಿಗಳಲ್ಲೂ ಸಿಗುವ ಡೈಪರ್ ಅದೇ ಮಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದೇ ತಿಪ್ಪೆಗೆ ಹಾಕಿಸುತ್ತದೆ. ಹಿಂದೆ ಮಣ್ಣಾಗಿ ಹೋಗುತ್ತಿದ್ದದ್ದು ಈಗ ಮಣ್ಣಾಗುವುದೂ ಇಲ್ಲ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಈ ಕೊಂಡಿಯನ್ನು ಸೇರಿಸುವ ದೊಡ್ಡ ಪ್ರಯೋಗವೊಂದು ನಡೆಯಿತು. ಮನೆಗಳಿಗೆ ಒಳ್ಳೆಯ ಶೌಚಾಲಯದ ಜೊತೆಗೆ ಮಕ್ಕಳ ಕೂರುಬಟ್ಟಲನ್ನೂ ಮಲ ಎತ್ತುವ ಸಲಿಕೆಯನ್ನೂ ಕೊಟ್ಟರು. ಕಾರ್ಯಕರ್ತೆಯರು ಮೇಲಿಂದ ಮೇಲೆ ಬಂದು ವಿಚಾರಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಂಥ ಮನೆಗಳ ಮಕ್ಕಳಲ್ಲಿ ಭೇದಿ ಕಡಿಮೆಯಾಗಿತ್ತು. ಕೀನ್ಯಾದಲ್ಲಿ ನಡೆದ ಇಂಥದೇ ಪ್ರಯೋಗದಲ್ಲಿ ಆ ಫಲ ಕಾಣಲಿಲ್ಲ. ಬಟ್ಟಲು ಕೊಟ್ಟರಷ್ಟೇ ಸಾಲದು ಎಂಬ ಎಚ್ಚರಿಕೆಯೂ ಇದರಲ್ಲಿದೆ.

ಮನೆಯಲ್ಲಿ ಮಾಡಬೇಕಾದ್ದು ಕಷ್ಟದ್ದೇನಲ್ಲ. ಕೂಸನ್ನು ಪಾದದ ಮೇಲೆ ಕೂರಿಸುವುದನ್ನು ಬಿಡಬೇಕಾಗಿಲ್ಲ. ನಡೆಯಲು ಕಲಿತ ಮೇಲೆ ಪಾದ ನೆಲಕ್ಕೆ ಊರುವಷ್ಟು ತಗ್ಗಾದ ಕೂರುಬಟ್ಟಲು ಸಾಕು. ಐದು ನಿಮಿಷಕ್ಕಿಂತ ಹೆಚ್ಚು ಕೂರಿಸಬಾರದು. ಮಾಡದಿದ್ದರೆ ಎಬ್ಬಿಸಿ ಆಡಲು ಬಿಡಬೇಕು. ಬೈಗುಳ, ಬರೆಯ ಬೆದರಿಕೆ, ನೆಂಟರೆದುರು ನಗೆಯಾಡುವುದು ಇವು ಕೂಡದು. ಹೆದರಿದ ಮಗು ತಡೆಹಿಡಿಯುತ್ತದೆ, ತಡೆದ ಮಲ ಗಟ್ಟಿಯಾಗುತ್ತದೆ, ಗಟ್ಟಿ ಮಲ ನೋಯಿಸುತ್ತದೆ, ನೋವಿಗೆ ಮಗು ಮತ್ತೆ ತಡೆಯುತ್ತದೆ. ಈ ಸುತ್ತನ್ನು ಮುರಿಯುವುದು ನೀರು, ಹಣ್ಣು, ಸೊಪ್ಪು ಮತ್ತು ತಾಳ್ಮೆ. ಮಾಡಿದ್ದನ್ನು ಬಟ್ಟಲಿನಿಂದ ನೇರ ಶೌಚಾಲಯದ ಗುಂಡಿಗೆ ಸುರಿಯಬೇಕು. ಪ್ರಯಾಣಕ್ಕೆಂದು ಡೈಪರ್ ಹಾಕಿದ್ದರೂ ಒಳಗಿನ ಮಲವನ್ನು ಮೊದಲು ಅಲ್ಲಿಗೇ ಕೆಡವಬೇಕು. ಆಮೇಲೆ ಕೂಸಿನ ಕೈಯನ್ನೂ ತೊಳೆದವರ ಕೈಯನ್ನೂ ಸೋಪಿನಿಂದ ತೊಳೆಯಬೇಕು.

ಮನೆಯ ಪಾಠ ಮುಂದುವರಿಯಬೇಕಾದದ್ದು ಅಂಗನವಾಡಿಯಲ್ಲಿ. ಕರ್ನಾಟಕದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಮೊದಲು ಆರಂಭವಾದದ್ದು ಉಮ್ಮತ್ತೂರಿನ ನೆರೆಯ ತಿರುಮಕೂಡಲು ನರಸೀಪುರ ತಾಲೂಕಿನಲ್ಲಿ ಎಂಬುದು ಈ ಸೀಮೆಗೆ ಹೆಮ್ಮೆಯ ಸಂಗತಿ. ಮೂರು ತುಂಬಿದ ಮಗು ಅಲ್ಲಿಗೆ ಹೋದಾಗ ಅದರ ಅಳತೆಯ ಶೌಚಾಲಯ, ಅದರಲ್ಲಿ ನೀರು, ಕೈಗೊಂದು ಸೋಪು ಇದೆಯೇ ಎಂದು ಹೆತ್ತವರು ಕೇಳಬೇಕು. ಅಕ್ಷರ ಕಲಿಸಿದರೋ ಇಲ್ಲವೋ ಎಂದು ಕೇಳುವ ನಾವು ಇದನ್ನೂ ಕೇಳಬಾರದೇಕೆ? ಕೂಸಿನ ಬೇಕುಬೇಡವನ್ನು ಮುಖ ನೋಡಿಯೇ ತಿಳಿಯುವ ಅಜ್ಜಿಯ ಜಾಣ್ಮೆ ಉಳಿಯಲಿ, ಕಕ್ಕವನ್ನು ತಿಪ್ಪೆಗೆಸೆಯುವ ಅಭ್ಯಾಸ ಅಳಿಯಲಿ.