ಸಂಘಕ್ಕೂ ಮಾನವುಂಟು!

ಉದ್ಯಾವರದಿಂದ ಕಾಪು, ಅಲ್ಲಿಂದ ಕಾರ್ಕಳದ ತನಕ ಹೋದರೆ ಹವ್ಯಾಸಿ ಸಂಘವಿಲ್ಲದ ಊರು ಸಿಗುವುದು ಕಷ್ಟ. ಯಕ್ಷಗಾನ ಮಂಡಳಿ, ತಾಳಮದ್ದಳೆ ಕೂಟ, ನಾಟಕ ತಂಡ, ಭಜನಾ ಮಂಡಳಿ, ಅಷ್ಟಮಿಗೆ ಹುಲಿವೇಷದ ತಂಡ, ಮಳೆ ಬಿಟ್ಟ ಮೇಲೆ ಗದ್ದೆಗಿಳಿಯುವ ಕ್ರಿಕೆಟ್ ಬಳಗ. ಸಂಘ ಒಡೆಯುವುದೂ ಇಲ್ಲಿ ಹೊಸತಲ್ಲ. ಈ ಸಲದ ಆಟದಲ್ಲಿ ಅರ್ಜುನನ ವೇಷ ಯಾರಿಗೆ ಎಂಬಲ್ಲಿ ಹುಟ್ಟಿದ ಮುನಿಸು ಮಹಾಸಭೆಯ ಲೆಕ್ಕಪತ್ರದ ಹೊತ್ತಿಗೆ ಸಿಡಿದು, ಮರುವರ್ಷ ಅದೇ ಊರಿನಲ್ಲಿ ಇನ್ನೊಂದು ಸಂಘದ ಬೋರ್ಡು ಏಳುತ್ತದೆ. ಉದ್ಯಾವರಕ್ಕಂತೂ ಒಳಜಗಳದ ಇತಿಹಾಸವೇ ಇದೆಯೆನ್ನಿ! ಉದಯಪುರವೆನಿಸಿದ್ದ ಈ ಊರಿಗಾಗಿ ಆಳುಪ ಅರಸು ಮನೆತನದವರು ತಮ್ಮತಮ್ಮೊಳಗೇ ಕಾದಾಡಿದ್ದನ್ನು ಇಲ್ಲಿನ ಪ್ರಾಚೀನ ಶಿಲಾಶಾಸನಗಳು ಹೇಳುತ್ತವೆ.

ಹಿಂದೆಲ್ಲ ಇಂಥ ಜಗಳ ಕಟ್ಟೆಯ ಮೇಲೆ ನಡೆದು, ಊರ ಹಿರಿಯರ ಒಂದು ಗದರಿಕೆಗೆ ತಣ್ಣಗಾಗುತ್ತಿತ್ತು. ಈಗ ಅದು ಮೊಬೈಲಿಗೆ ಹತ್ತಿದೆ. 'ಅವರ ಸಂಘದ ಅಧ್ಯಕ್ಷ ದೇವಸ್ಥಾನದ ವಂತಿಗೆ ನುಂಗಿದ್ದಾನೆ' ಎಂದು ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗ ಬರೆದರೆ ಬೆಳಗಿನ ಚಹಾದ ಹೊತ್ತಿಗೆ ಅದು ಮುಂಬಯಿಯ ಬಂಧುಗಳಿಗೂ, ದುಬಾಯಿಯ ಗೆಳೆಯರಿಗೂ ತಲುಪಿರುತ್ತದೆ. ಕಟ್ಟೆಯ ಮಾತು ಗಾಳಿಗೆ ಹೋಗುತ್ತಿತ್ತು. ಇದು ಹೆಸರು, ದಿನಾಂಕ, ಗಂಟೆ ಸಮೇತ ಉಳಿಯುತ್ತದೆ. ವಕೀಲರಿಗೆ ಬೇಕಾದದ್ದೂ ಅದೇ.

ಬಹಳಷ್ಟು ವಿದ್ಯಾರ್ಥಿಗಳಲ್ಲಿ ಒಂದು ತಪ್ಪು ಕಲ್ಪನೆಯಿದೆ. ವ್ಯಕ್ತಿಯ ಹೆಸರು ಹೇಳದೆ ಸಂಘವನ್ನು ಮಾತ್ರ ಬೈದರೆ ಏನೂ ಆಗದು ಎಂಬುದು! 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಮಿನ ವಿವರಣೆಯಲ್ಲೇ ಕಂಪೆನಿ, ಸಂಘ ಅಥವಾ ಜನಸಮೂಹದ ಮೇಲಿನ ಆರೋಪವೂ ಮಾನಹಾನಿಯಾಗಬಹುದೆಂದು ಸ್ಪಷ್ಟವಾಗಿತ್ತು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಮಾನಹಾನಿ ಅಲ್ಲಿ 356ನೇ ಕಲಮು. ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಜೊತೆಗೆ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯೂ ಸೇರಿಕೊಂಡಿದೆ. 2015ರಲ್ಲಿ ಸುಪ್ರೀಂ ಕೋರ್ಟು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿದ ಮೇಲೆ ಅಂತರ್ಜಾಲದಲ್ಲಿ ಏನು ಬರೆದರೂ ನಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಮರುವರ್ಷ, 2016ರಲ್ಲಿ, ಅದೇ ಕೋರ್ಟು ಮಾನಹಾನಿ ಅಪರಾಧವೆಂಬ ಕಾನೂನನ್ನು ಎತ್ತಿಹಿಡಿದದ್ದು ಅಷ್ಟಾಗಿ ಪ್ರಚಾರವಾಗಲಿಲ್ಲ.

ಆಟವನ್ನು ಟೀಕಿಸಬಹುದು, ಆಟಗಾರನನ್ನು?

ಹಾಗಾದರೆ ಎದುರು ತಂಡದ ಆಟ ಚೆನ್ನಾಗಿರಲಿಲ್ಲ ಎನ್ನಲೂ ಹೆದರಬೇಕೇ? ಬೇಕಾಗಿಲ್ಲ. ಕಾನೂನಿನ ಆರನೆಯ ವಿನಾಯಿತಿ ಇರುವುದೇ ಇದಕ್ಕಾಗಿ. ರಂಗಕ್ಕೆ ಬಂದ ನಟ, ಹಾಡಿದ ಗಾಯಕ ತನ್ನ ಕಲೆಯನ್ನು ಜನರ ತೀರ್ಮಾನಕ್ಕೆ ಒಪ್ಪಿಸಿದಂತೆ ಎಂದು ಕಾನೂನೇ ಉದಾಹರಣೆ ಕೊಡುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಸೊಗಸಾದ ಉದಾಹರಣೆಯಿದೆ. ಒಬ್ಬನ ಪುಸ್ತಕ ಓದಿ 'ಇದು ಅವಿವೇಕದ ಪುಸ್ತಕ, ಬರೆದವ ದುರ್ಬಲನೇ ಇರಬೇಕು' ಎಂದು ಸದುದ್ದೇಶದಿಂದ ಹೇಳಿದರೆ ಅಪರಾಧವಲ್ಲ; ಅಭಿಪ್ರಾಯ ಪುಸ್ತಕದಿಂದ ಹುಟ್ಟಿದ್ದು. 'ಅವನು ನಡತೆಗೆಟ್ಟವ, ಅವನ ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವೇನು?' ಎಂದರೆ ರಕ್ಷಣೆಯಿಲ್ಲ. ಅಲ್ಲಿ ಟೀಕೆ ಪುಸ್ತಕದ ಮೇಲೆ ನಿಂತಿಲ್ಲ.

ಇದನ್ನು ಚೌಕಿಯ ಭಾಷೆಗೆ ತಂದರೆ ಹೀಗೆ. 'ನಿನ್ನೆಯ ಭೀಷ್ಮನಿಗೆ ತಾಳ ತಪ್ಪಿತು, ಅರ್ಥಗಾರಿಕೆ ಸಪ್ಪೆ' ಎಂದು ಯಾರು ಬೇಕಾದರೂ ಬರೆಯಬಹುದು. 'ಭೀಷ್ಮ ಕುಡಿದು ರಂಗಕ್ಕೆ ಬಂದಿದ್ದ' ಎಂದರೆ ಅದು ಕಲೆಯ ವಿಮರ್ಶೆಯಲ್ಲ, ಆರೋಪ. ಹೇಳಿದ್ದು ನಿಜವಾಗಿದ್ದರೆ? ನಷ್ಟ ಪರಿಹಾರದ ಸಿವಿಲ್ ದಾವೆಯಲ್ಲಿ ಸತ್ಯವೊಂದೇ ಸಾಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸತ್ಯದ ಜೊತೆಗೆ, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು.

ಮಾನ ಹೋಯಿತೆನ್ನುವವರ ದಾರಿಯೂ ಹೂವಿನದ್ದಲ್ಲ. ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿಕೊಳ್ಳುವ ಅಪರಾಧ ಇದಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಸಿವಿಲ್ ದಾವೆಗೆ ಒಂದೇ ವರ್ಷದ ಗಡುವು. ಎಲ್ಲಕ್ಕಿಂತ ಕಷ್ಟದ್ದು ಸಾಕ್ಷ್ಯ. ದೇಶದ ಮೊದಲ ಸೈಬರ್ ಮಾನಹಾನಿ ಪ್ರಕರಣವೆಂದು ಹೆಸರಾದ ದಿಲ್ಲಿಯ ಎಸ್‌ಎಂಸಿ ನ್ಯುಮ್ಯಾಟಿಕ್ಸ್ ವ್ಯಾಜ್ಯವನ್ನೇ ನೋಡಿ. ನೌಕರನೊಬ್ಬ ಕೀಳು ಮಟ್ಟದ ಇ-ಮೇಲ್ ಕಳಿಸುತ್ತಿದ್ದಾನೆಂದು ಕಂಪೆನಿ ಹೋದಾಗ 2001ರಲ್ಲಿ ಹೈಕೋರ್ಟು ತಾತ್ಕಾಲಿಕ ತಡೆ ಕೊಟ್ಟಿತು. ಹದಿಮೂರು ವರ್ಷ ಕಳೆದು 2014ರಲ್ಲಿ ಅಂತಿಮ ತೀರ್ಪು ಬಂದಾಗ ಕಂಪೆನಿಗೆ ಶಾಶ್ವತ ತಡೆ ಸಿಗಲಿಲ್ಲ. ಕಳಿಸಿದವನು ಅವನೇ ಎಂಬುದು ಕಾನೂನು ಕೇಳುವ ರೀತಿಯಲ್ಲಿ ಸಾಬೀತಾಗಿರಲಿಲ್ಲ. ಪರದೆಯ ಚಿತ್ರ ತೆಗೆದಿಟ್ಟುಕೊಂಡರೆ ಕೇಸು ಗೆದ್ದಂತೆ ಎಂದುಕೊಂಡಿರುವವರು ಗಮನಿಸಬೇಕು. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಜೊತೆಗಿರಬೇಕು.

ಹವ್ಯಾಸದ ಜಗಳ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಚೆಸ್ ಫೆಡರೇಷನ್ ಸಾಕ್ಷಿ. ಅದರ ಮಂಡಳಿಯ ಸದಸ್ಯರೊಬ್ಬರ ಹೆಸರಿನಲ್ಲಿ ಯಾರೋ ಅಂತರ್ಜಾಲದಲ್ಲಿ ಅಸಭ್ಯ ಬರಹ ಹಾಕಿದರೆಂಬ ಆರೋಪ 2007ರಲ್ಲಿ ಕೋರ್ಟು ಹತ್ತಿತು. ಮಾಜಿ ವಿಶ್ವ ಮಹಿಳಾ ಚಾಂಪಿಯನ್ ಸೂಸನ್ ಪೋಲ್ಗಾರ್ 2008ರಲ್ಲಿ ಫೆಡರೇಷನ್ನಿನ ಮೇಲೆಯೇ ಮಾನಹಾನಿ ದಾವೆ ಹೂಡಿದರು. ಹಲವು ರಾಜ್ಯಗಳ ಕೋರ್ಟುಗಳಲ್ಲಿ ಓಡಾಡಿದ ವ್ಯಾಜ್ಯ ಕೊನೆಗೆ ಮುಗಿದದ್ದು ರಾಜಿಯಲ್ಲಿ. ಚದುರಂಗ ಆಡಬೇಕಾದವರು ವಕೀಲರ ಕಚೇರಿಯಲ್ಲಿ ಕುಳಿತದ್ದೇ ಬಂತು!

ಉಡುಪಿಯಿಂದ ದಿಲ್ಲಿಗೆ

ಅಷ್ಟು ದೂರ ಏಕೆ? ಕಲೆಯ ವ್ಯಾಜ್ಯವೊಂದು ಉಡುಪಿಯ ಕೋರ್ಟಿನಿಂದಲೇ ಸುಪ್ರೀಂ ಕೋರ್ಟು ಮುಟ್ಟಿದೆ. ಅದು ಮಾನಹಾನಿಯದ್ದಲ್ಲ, ಹಕ್ಕುಸ್ವಾಮ್ಯದ್ದು. ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡರು. ತಮ್ಮ ಉಯಿಲಿನಲ್ಲಿ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯರಿಗೆ ಕೊಟ್ಟಿದ್ದರು. 2001ರ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಕಾರಂತರ ಶೈಲಿಯ 'ಅಭಿಮನ್ಯು ವಧೆ' ಅನುಮತಿಯಿಲ್ಲದೆ ಪ್ರದರ್ಶನವಾಯಿತೆಂದು ಅವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ವಿರುದ್ಧ ದಾವೆ ಹೂಡಿದರು. ಕಾರಂತರು ತನ್ನ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿದ್ದವರು, ಹಕ್ಕು ತನ್ನದೇ ಎಂಬುದು ಸಂಸ್ಥೆಯ ವಾದ. 2003ರಲ್ಲಿ ಜಿಲ್ಲಾ ಕೋರ್ಟು, 2007ರಲ್ಲಿ ಹೈಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಏಳು ಪ್ರಸಂಗಗಳನ್ನು ಕಾರಂತರು ರೂಪಿಸಿದ ರೀತಿಯಲ್ಲಿ ಆಡದಂತೆ ತಡೆ ಬಂತು.

2009ರ ಜನವರಿ 23ರಂದು ಸುಪ್ರೀಂ ಕೋರ್ಟು ತಡೆಯನ್ನು ತೆಗೆದುಹಾಕಲಿಲ್ಲ, ಆದರೆ ಒಂದು ಬಾಗಿಲು ತೆರೆದಿಟ್ಟಿತು. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನ ವಿನಾಯಿತಿ ಸಂಸ್ಥೆಗೂ ಅನ್ವಯಿಸಬಹುದು ಎಂದಿತು. ಆ ಕಲಮಿನಂತೆ ಶಾಲೆ ಕಾಲೇಜಿನ ಚಟುವಟಿಕೆಯಾಗಿ ಶಿಕ್ಷಕರು, ವಿದ್ಯಾರ್ಥಿಗಳು ಆಡಿ, ಅವರೂ ಅವರ ತಂದೆ ತಾಯಂದಿರೂ ಸಂಸ್ಥೆಯ ಸಂಬಂಧಿಕರೂ ಮಾತ್ರ ನೋಡುವ ಆಟಕ್ಕೆ ಅನುಮತಿ ಬೇಡ. ಹವ್ಯಾಸಿ ಸಂಘ ಟಿಕೇಟಿಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಆಗಲೂ ಬೇಡ. ಕರಾವಳಿಯ ಎಷ್ಟು ಸಂಘಗಳಿಗೆ ಈ ಸಂಗತಿ ಗೊತ್ತಿದೆ? 'ನಮ್ಮ ಪ್ರಸಂಗ ಕದ್ದರು' ಎಂದು ಎದುರು ಸಂಘವನ್ನು ಕಳ್ಳರೆಂದು ಕರೆಯುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಬಹುದು. ಕಳ್ಳತನವೇ ಅಲ್ಲದ್ದನ್ನು ಕಳ್ಳತನವೆಂದರೆ ಮೊಕದ್ದಮೆ ತಿರುಗಿ ಬೀಳುವುದು ಕರೆದವರ ಮೇಲೆ.

ತಂದೆ ತಾಯಂದಿರು ಕೇಳುವ ಪ್ರಶ್ನೆ ಬೇರೆ: 'ನಮ್ಮ ಹುಡುಗ ಗುಂಪಿನ ಅಡ್ಮಿನ್. ಬೇರೆ ಯಾರೋ ಬರೆದದ್ದಕ್ಕೆ ಇವನು ಹೊಣೆಯೇ?' ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಬೊಂಬಾಯಿ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೂ, ಕೇರಳ ಹೈಕೋರ್ಟು 2022ರಲ್ಲೂ ಹೇಳಿವೆ. ಆದರೆ ಬಂದದ್ದನ್ನು ಅವನೇ ಮುಂದಕ್ಕೆ ದಾಟಿಸಿದರೆ ಲೆಕ್ಕ ಬೇರೆ, ಹರಡಿದವನೂ ಪ್ರಕಟಿಸಿದವನೇ. ಹದಿನೆಂಟು ತುಂಬದವನ ಮೇಲಿನ ಕ್ರಿಮಿನಲ್ ದೂರು ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಸಿವಿಲ್ ದಾವೆಯಾದರೆ ಅವನ ಪರವಾಗಿ ಕೋರ್ಟಿನಲ್ಲಿ ನಿಲ್ಲಲು ಪೋಷಕರೊಬ್ಬರನ್ನು ನೇಮಿಸಬೇಕು. ಸಾಮಾನ್ಯವಾಗಿ ಅದು ಅಪ್ಪನೋ ಅಮ್ಮನೋ ಆಗಿರುತ್ತಾರೆ.