ಹಳಿಯ ಮೇಲೆ ಹೆದ್ದಾರಿಯ ಲೆಕ್ಕ ನಡೆಯದು

ಮಾಗಡಿ ಸೀಮೆಯ ಸೋಲೂರಿಗೆ ಹೆದ್ದಾರಿ ಹಳೆಯದು, ರೈಲು ಹೊಸದು. ಮಂಗಳೂರು ರಸ್ತೆಯ ಲಾರಿ, ಬಸ್ಸುಗಳ ನಡುವೆ ಗಾಡಿ ಓಡಿಸಿ ಪಳಗಿದ ಊರಿದು. ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರು–ಹಾಸನ ರೈಲು ಓಡತೊಡಗಿದ್ದು 2017ರಲ್ಲಿ. ರೈಲನ್ನೂ ಲಾರಿಯಂತೆ ಅಂದಾಜು ಮಾಡುವುದೇ ಗೇಟಿನ ಬಳಿಯ ಅನಾಹುತಗಳಿಗೆ ಮೂಲ ಎಂದು ನನಗನ್ನಿಸುತ್ತದೆ.

‘ರೈಲು ಇನ್ನೂ ದೂರದಲ್ಲಿದೆ, ದಾಟಿಬಿಡೋಣ.’ ಇಲ್ಲಿ ಮೋಸ ಮಾಡುವುದು ನಮ್ಮದೇ ಕಣ್ಣು. ದೊಡ್ಡ ವಸ್ತುಗಳು ಇರುವುದಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ಕಾಣುತ್ತವೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಲೀಬೊವಿಟ್ಸ್ 1985ರಲ್ಲೇ ರೈಲ್ವೆ ಗೇಟುಗಳ ಸಂದರ್ಭದಲ್ಲಿ ವಿವರಿಸಿದ್ದರು. ಗಂಟೆಗೆ 100 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಬೇಕು. ಲಾರಿಯವನಾದರೆ ಪಕ್ಕಕ್ಕೆ ಎಳೆದುಕೊಂಡಾನು; ರೈಲು ಚಾಲಕನಿಗೆ ಆ ದಾರಿಯೇ ಇಲ್ಲ.

‘ನಿಧಾನವಾಗಿ ಬರುವ ರೈಲು ಗಾಡಿಯನ್ನು ತಳ್ಳುತ್ತದೆ ಅಷ್ಟೆ.’ ಈ ನಂಬಿಕೆಗೆ ತೆರಬೇಕಾದ ಬೆಲೆ ದೊಡ್ಡದು. ಡಬ್ಲ್ಯೂಎಪಿ-7 ಎಂಜಿನ್ ಒಂದೇ 123 ಟನ್ ತೂಗುತ್ತದೆ. ಸಣ್ಣ ಕಾರು ಒಂದು ಟನ್ ಆಸುಪಾಸು. ಡಿಕ್ಕಿಯಲ್ಲಿ ರೈಲಿನ ವೇಗ ಕುಗ್ಗುವುದೇ ಇಲ್ಲ ಎನ್ನಬಹುದು, ಆ ವೇಗವಷ್ಟನ್ನೂ ಕಾರು ಕ್ಷಣಾರ್ಧದಲ್ಲಿ ಪಡೆಯುತ್ತದೆ. ಅದೂ ಪಕ್ಕದಿಂದ. ಎದುರಿನ ಏಟು ತಡೆಯಲು ಬಾನೆಟ್ ಇದೆ. ಪಕ್ಕದಲ್ಲಿ ದೇಹಕ್ಕೂ ರೈಲಿಗೂ ನಡುವೆ ಒಂದು ಬಾಗಿಲು ಮಾತ್ರ. ಪಕ್ಕೆಲುಬು, ಸೊಂಟದ ಮೂಳೆ ಮುರಿಯುತ್ತವೆ, ತಲೆ ಕಿಟಕಿಗೆ ಬಡಿಯುತ್ತದೆ, ಗುಲ್ಮ ಅಥವಾ ಯಕೃತ್ತು ಸೀಳುತ್ತದೆ, ಕೆಲವೊಮ್ಮೆ ಮಹಾಪಧಮನಿಯೇ ಹರಿಯುತ್ತದೆ. ಆಟೊದಲ್ಲಿ ಬಾಗಿಲೂ ಇಲ್ಲದೆ ಜನ ಹೊರಗೆ ಎಸೆಯಲ್ಪಡುತ್ತಾರೆ. ಬೈಕಿನವರ ಹೆಲ್ಮೆಟ್ ತಲೆಯನ್ನು ಒಂದಿಷ್ಟು ಕಾಪಾಡೀತು, ಎದೆ–ಹೊಟ್ಟೆಯನ್ನಲ್ಲ.

‘ರಕ್ತ ಬಂದಿಲ್ಲ, ಎದ್ದು ಓಡಾಡ್ತಿದ್ದಾನೆ, ಏನೂ ಆಗಿಲ್ಲ.’ ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ಮಾತು ಇದು. ಗುಲ್ಮದಿಂದ ರಕ್ತ ಒಳಗೊಳಗೇ ಸೋರುತ್ತಿದ್ದರೂ ಮನುಷ್ಯ ಮೊದಲಿಗೆ ಮಾತಾಡುತ್ತಾ ನಿಂತಿರಬಲ್ಲ. ಮೈ ತಣ್ಣಗಾಗಿ ಬೆವರುವುದು, ನಾಡಿ ಓಡುವುದು, ಹೊಟ್ಟೆ ಬಿಗಿಯುವುದು, ತೂಕಡಿಕೆ ಆಮೇಲೆ ಬರುತ್ತವೆ. ಆದ್ದರಿಂದ ಮನೆಗೆ ಕಳಿಸದೆ 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ನೀರು–ಕಾಫಿ ಬೇಡ. ಕುತ್ತಿಗೆ ಅಲುಗಾಡದಂತೆ ಹಿಡಿಯಿರಿ. ಹಳಿಯ ಮೇಲೆ ಇನ್ನೊಂದು ರೈಲು ಬರುವ ಅಪಾಯವಿದ್ದರೆ ಮಾತ್ರ ಮೊದಲು ಎಳೆದು ತನ್ನಿ. ಪೊಲೀಸ್ ಕೇಸಿನ ಭಯಕ್ಕೆ ಹಿಂದೆ ಸರಿಯಬೇಡಿ. ನೆರವಿಗೆ ಬಂದವರನ್ನು ರಕ್ಷಿಸಲು ಕರ್ನಾಟಕದಲ್ಲೇ ಕಾನೂನಿದೆ. ಮೋಟಾರು ವಾಹನ ಕಾಯ್ದೆಗೂ 2019ರಲ್ಲಿ ಅಂಥದೇ ಕಲಂ ಸೇರಿತು.

‘ರೈಲಿನಲ್ಲಿದ್ದವರಿಗೆ ಏನೂ ಆಗುವುದಿಲ್ಲ’ ಎನ್ನುವವರಿಗೆ 2015ರ ಆಗಸ್ಟ್ 24ರ ಪೆನುಕೊಂಡ ದುರಂತ ನೆನಪಿರಲಿ. ಗ್ರಾನೈಟ್ ಹೊತ್ತ ಲಾರಿ ಗೇಟಿನಲ್ಲಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್‌ಗೆ ಗುದ್ದಿ, ದೇವದುರ್ಗದ ಶಾಸಕ ವೆಂಕಟೇಶ ನಾಯಕ ಸೇರಿ ಹಲವರು ಸತ್ತರು.

ಗೇಟ್‌ಮನ್ ಇದ್ದರೆ ಭಯವಿಲ್ಲ ಎಂಬುದೂ ಅರ್ಧಸತ್ಯ. ಬ್ರಾಡ್‌ಗೇಜ್ ಮಾರ್ಗಗಳ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ತೆಗೆದದ್ದು ದೊಡ್ಡ ಕೆಲಸವೇ. ಆದರೂ 2025ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಬಳಿ ಕಾವಲಿದ್ದ ಗೇಟಿನಲ್ಲೇ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಗೇಟು ತೆರೆದಿದ್ದರೂ ಎರಡೂ ಕಡೆ ನೋಡಿ. ರಾಮನಗರ, ಚನ್ನಪಟ್ಟಣದಂಥ ಜೋಡಿ ಹಳಿಯಲ್ಲಿ ಒಂದು ರೈಲು ಹೋದ ಕೂಡಲೇ ನುಗ್ಗಬಾರದು, ಅದರ ಮರೆಯಲ್ಲಿ ಇನ್ನೊಂದು ಬರುತ್ತಿರಬಹುದು.

ಹಳಿಯ ‘ಕರೆಂಟು’ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಸುಳ್ಳು. ಗಾಬರಿಯಲ್ಲಿ ಹಳಿಯ ಮೇಲೆ ಗೇರ್ ಬದಲಿಸಲು ಹೋದಾಗ ಎಂಜಿನ್ ಆಫ್ ಆಗುತ್ತದೆ. ಹಾಗೇನಾದರೂ ಸಿಕ್ಕಿಕೊಂಡರೆ ಸ್ಟಾರ್ಟ್ ಮಾಡುತ್ತಾ ಕೂರಬೇಡಿ, ಎಲ್ಲರನ್ನೂ ಇಳಿಸಿ. ರೈಲು ಬರುತ್ತಿದ್ದರೆ ಅದು ಬರುವ ದಿಕ್ಕಿಗೇ, ಹಳಿಯಿಂದ ಓರೆಯಾಗಿ ದೂರಕ್ಕೆ ಓಡಿ; ಡಿಕ್ಕಿಯಾದ ಗಾಡಿಯ ಚೂರುಗಳು ರೈಲು ಸಾಗುವ ಕಡೆಗೇ ಹಾರುತ್ತವೆ. ಸಮಯವಿದ್ದರೆ ಗೇಟ್‌ಮನ್‌ಗೆ ತಿಳಿಸಿ, ಅವರು ಸ್ಟೇಷನ್ ಮಾಸ್ಟರ್‌ಗೆ ಫೋನ್ ಮಾಡಬಲ್ಲರು.